ಕಣ್ಣಿನ ಕೆಳಗಿನ ಮಚ್ಚೆ ಕಣ್ಣೀರು ತರುತ್ತದೆಯೇ?

ಪ್ರಶ್ನೆ: ನನ್ನ ಮಗಳ ಎಡಗಣ್ಣಿನ ಕೆಳಗೆ ಹುಟ್ಟಿನಿಂದಲೇ ಒಂದು ಕಂದು ಮಚ್ಚೆ ಇದೆ. ಈಗ ಅವಳಿಗೆ ಒಂಬತ್ತು ವರ್ಷ. ಚೀನೀಯರ ಮುಖಲಕ್ಷಣ ಶಾಸ್ತ್ರದಲ್ಲಿ ಇದಕ್ಕೆ ‘ಕಣ್ಣೀರಿನ ಮಚ್ಚೆ’ ಎಂದು ಹೆಸರಂತೆ, ಇದು ಇದ್ದವರ ಸಂಸಾರದಲ್ಲಿ ಅಳು ತಪ್ಪುವುದಿಲ್ಲವಂತೆ. ಮೊಬೈಲಿಗೆ ಬಂದ ವಿಡಿಯೊ ನೋಡಿದ ನಮ್ಮತ್ತೆ, ತೆಗೆಸಿಬಿಡಿ ಎಂದು ದಿನಾ ಹೇಳುತ್ತಿದ್ದಾರೆ. ನಿಜಕ್ಕೂ ಆ ಶಾಸ್ತ್ರ ಏನು ಹೇಳುತ್ತದೆ?

ಉತ್ತರ: ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಬ್ಬರಿಗೆ ಮೂಗಿನ ತುದಿಯ ಮಚ್ಚೆಯ ಚಿಂತೆ, ಇನ್ನೊಬ್ಬರಿಗೆ ಮಗುವಿನ ಹಣೆಯ ಕೆಂಪು ಕಲೆಯದು. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಹೌದು, ಆ ಮಾತು ಚೀನಾದಲ್ಲಿ ಇದೆ, ವಿಡಿಯೊದವರು ಕಟ್ಟಿದ್ದಲ್ಲ. ಆದರೆ ಅವರು ಹೇಳಿದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ. ಬಿಟ್ಟದ್ದನ್ನು ಸೇರಿಸಿ ನೋಡಿದರೆ ನಿಮ್ಮತ್ತೆಯವರ ಭಯಕ್ಕೆ ಆ ಶಾಸ್ತ್ರದೊಳಗೇ ಆಧಾರ ಸಾಲದು.

ಚೀನೀಯರು ಈ ವಿದ್ಯೆಯನ್ನು ‘ಮಿಯೆನ್ ಶಿಯಾಂಗ್’ ಎನ್ನುತ್ತಾರೆ. ಅದು ಮುಖವನ್ನು ಹನ್ನೆರಡು ‘ಅರಮನೆ’ಗಳಾಗಿ ಹಂಚುತ್ತದೆ. ಹುಬ್ಬುಗಳ ನಡುವಿನ ಜಾಗ ಆಯುಷ್ಯ, ಅದೃಷ್ಟಗಳದ್ದು. ಮೂಗು ಹಣದ್ದು, ಹುಬ್ಬು ಒಡಹುಟ್ಟಿದವರದು. ಹುಬ್ಬಿಗೂ ಕಣ್ಣಿಗೂ ನಡುವೆ ಇರುವುದು ಹೊಲ ಮನೆಗಳ ಜಾಗ, ಕಣ್ಣಿನ ಹೊರತುದಿ ಗಂಡ ಹೆಂಡತಿಯದು. ಕಣ್ಣಿನ ಕೆಳಗಿನ ಮೆತ್ತನೆಯ ಭಾಗ ಮಕ್ಕಳದು. ಈ ಕೊನೆಯ ಜಾಗಕ್ಕೆ ಇನ್ನೊಂದು ಹೆಸರೂ ಇದೆ, ‘ಕಣ್ಣೀರಿನ ಮಂಟಪ’. ಅತ್ತಾಗ ನೀರು ಇಳಿಯುವ ದಾರಿ ಅದೇ ಆದ್ದರಿಂದ ಆ ಹೆಸರು. ಅಲ್ಲೊಂದು ಚುಕ್ಕೆ ಕಂಡರೆ ಕಣ್ಣೀರಿನ ಹನಿ ಅಲ್ಲೇ ನಿಂತುಬಿಟ್ಟ ಹಾಗೆ ಕಾಣುತ್ತದೆ. ಮಕ್ಕಳ ಜಾಗದಲ್ಲಿ ನಿಂತ ಹನಿ, ಹಾಗಾಗಿ ಮಕ್ಕಳಿಂದ ದುಃಖ. ಇಷ್ಟೇ ತರ್ಕ. ಇದನ್ನು ಉಪಮೆ ಎನ್ನಬಹುದು, ಚೆನ್ನಾಗಿಯೂ ಇದೆ. ಆದರೆ ಉಪಮೆಯನ್ನು ನಂಬಿ ಒಂಬತ್ತು ವರ್ಷದ ಹುಡುಗಿಯ ಮುಖಕ್ಕೆ ಕತ್ತರಿ ಹಾಕಿಸುವುದೆಂದರೆ ಏನು ಹೇಳಲಿ!

ಇನ್ನು ಈ ಶಾಸ್ತ್ರದ ಒಳಗಿನದೇ ಒಂದು ಲೆಕ್ಕ ಕೇಳಿ. ಮುಖದ ಮೇಲೆ ವಯಸ್ಸಿನ ನಕ್ಷೆಯನ್ನೂ ಅವರು ಹಾಸಿದ್ದಾರೆ. 1ರಿಂದ 14ರವರೆಗೆ ಕಿವಿಗಳು, 15ರಿಂದ 30 ಹಣೆ, 31ರಿಂದ 34 ಹುಬ್ಬು, 35ರಿಂದ 40 ಕಣ್ಣು, 41ರಿಂದ 50 ಮೂಗು. 51ಕ್ಕೆ ಮೂಗು ತುಟಿಗಳ ನಡುವಿನ ಕಾಲುವೆ ದಾಟಿ, 60ಕ್ಕೆ ಬಾಯಿಗೆ ಬಂದು, ಆಮೇಲೆ ಗಲ್ಲಕ್ಕೆ ಇಳಿಯಬೇಕು. ಈ ನಕ್ಷೆಯನ್ನು ನಂಬುವುದಾದರೂ ನಿಮ್ಮ ಮಗಳ ಈಗಿನ ಭವಿಷ್ಯ ನೋಡಬೇಕಾದದ್ದು ಅವಳ ಕಿವಿಯಲ್ಲಿ. ಕಣ್ಣಿನ ಸರದಿ ಬರುವುದಕ್ಕೆ ಇನ್ನೂ ಇಪ್ಪತ್ತಾರು ವರ್ಷ ಇದೆ.

ಎಡ ಬಲದ ವಿಷಯವಂತೂ ಇನ್ನೂ ಸ್ವಾರಸ್ಯ. ಚೀನೀ ಪದ್ಧತಿಯಲ್ಲಿ ಗಂಡಸಿಗೆ ಎಡ, ಹೆಂಗಸಿಗೆ ಬಲ. ನಮ್ಮ ಸಾಮುದ್ರಿಕದಲ್ಲಿ ಇದು ತಿರುಗುಮುರುಗು, ಗಂಡಸಿಗೆ ಬಲ ಶುಭ, ಹೆಂಗಸಿಗೆ ಎಡ ಶುಭ. ಪಂಚಾಂಗದ ಹಿಂದಿನ ಪುಟಗಳಲ್ಲಿ ಮಚ್ಚೆಯ ಫಲ ಓದಿದವರಿಗೆಲ್ಲ ಇದು ಗೊತ್ತು. ಅಂದರೆ ನಿಮ್ಮ ಮಗಳ ಎಡಗಡೆಯ ಮಚ್ಚೆಗೆ ಅತ್ತೆಯವರ ಸ್ವಂತ ಶಾಸ್ತ್ರ ಒಳ್ಳೆಯ ಅಂಕ ಕೊಡುತ್ತದೆ, ಪಕ್ಕದ ದೇಶದ ಶಾಸ್ತ್ರ ಕಡಿಮೆ ಕೊಡುತ್ತದೆ. ಎರಡನ್ನೂ ಒಟ್ಟಿಗೆ ನಂಬಲು ಆಗುವುದಿಲ್ಲ. ಈ ಮಾತನ್ನು ಅವರ ಮುಂದೆ ಮೆತ್ತಗೆ ಇಟ್ಟು ನೋಡಿ, ನನ್ನ ಅನುಭವದಲ್ಲಿ ವೈದ್ಯಕೀಯಕ್ಕಿಂತ ಬೇಗ ಕೆಲಸ ಮಾಡುವ ವಾದ ಇದು.

ಈಗ ನಿಮ್ಮ ಪ್ರಶ್ನೆಯ ಇನ್ನೊಂದು ಗಂಟು. ಹುಟ್ಟುಮಚ್ಚೆ, ಆಮೇಲೆ ಮೂಡಿದ ಮಚ್ಚೆ, ಚಪ್ಪಟೆ ಕಲೆ, ಎಲ್ಲಕ್ಕೂ ನಾವು ‘ಮಚ್ಚೆ’ ಎಂದುಬಿಡುತ್ತೇವೆ. ಚೀನೀಯರಲ್ಲಿ ಬೇರೆ ಬೇರೆ ಮಾತುಗಳಿವೆ. ಉಬ್ಬಿಕೊಂಡದ್ದು ‘ಝಿ’, ಚಪ್ಪಟೆಯಾಗಿ ಹರಡಿದ್ದು ‘ಬಾನ್’, ಹುಟ್ಟಿನಿಂದ ಬಂದದ್ದು ‘ತಾಯ್ ಜಿ’, ಅಂದರೆ ಬಸಿರಿನ ಗುರುತು. ಹಳೆಯ ಲಕ್ಷಣ ಗ್ರಂಥಗಳು ಪುಟಗಟ್ಟಲೆ ಮಾತಾಡುವುದು ಮೊದಲನೆಯದರ ಬಗ್ಗೆ. ಬೆಟ್ಟದ ಮೇಲೆ ಮರ ಹುಟ್ಟಿದ ಹಾಗೆ ಮೈಮೇಲೆ ಮಚ್ಚೆ ಹುಟ್ಟುತ್ತದೆ ಎಂದು ಅವು ವಿವರಿಸುತ್ತವೆ. ಒಳ್ಳೆಯ ಮಣ್ಣಿನ ಬೆಟ್ಟ ಒಳ್ಳೆಯ ಮರ ಕೊಡುತ್ತದೆ, ಕೊಳಕು ತುಂಬಿದ ನೆಲದಲ್ಲಿ ಬರೀ ದಿಬ್ಬ ಏಳುತ್ತದೆ. ಅರಗಿನಂತೆ ಮಿಂಚುವ ಕಪ್ಪು, ಇಂಗಳೀಕದಂಥ ಕೆಂಪು ಒಳ್ಳೆಯದು. ಮಬ್ಬು, ಬೂದಿ ಬಣ್ಣ ಒಳ್ಳೆಯದಲ್ಲ. ಬಟ್ಟೆಯೊಳಗೆ ಅಡಗಿದ ಮಚ್ಚೆಗೆ ಮಾನ ಹೆಚ್ಚು, ಬಯಲಿಗೆ ಬಿದ್ದದ್ದಕ್ಕೆ ಕಡಿಮೆ. ‘ಮುಖದ ಮೇಲೆ ಒಳ್ಳೆಯ ಮಚ್ಚೆಯೇ ಇಲ್ಲ’ ಎಂಬ ಗಾದೆಯೂ ಅಲ್ಲಿ ಇದೆ. ಹಾಗೆಂದು ಅದಕ್ಕೆ ವಿನಾಯಿತಿ ಇಲ್ಲದೆ ಇಲ್ಲ. ಹುಬ್ಬಿನ ಕೂದಲೊಳಗೆ ಅಡಗಿದ ಮಚ್ಚೆಯನ್ನು ‘ಹುಲ್ಲಿನಲ್ಲಿ ಬಚ್ಚಿಟ್ಟ ಮುತ್ತು’ ಎಂದು ಕರೆದು ಮೆಚ್ಚುತ್ತಾರೆ.

ಹುಟ್ಟುಮಚ್ಚೆಯ ಬಗ್ಗೆ ಇರುವುದು ಬಹುಪಾಲು ಜನರ ಬಾಯಿಮಾತು. ಹಿಂದಿನ ಜನ್ಮದ ಗಾಯದ ಗುರುತು ಎಂಬುದೊಂದು. ಎಳೆಗೂಸಿನ ಕುಂಡಿಯ ಮೇಲಿನ ನೀಲಿ ಕಲೆ ಕಂಡರೆ, ಭೂಮಿಗೆ ಬರಲು ಹಟ ಮಾಡಿತು, ಮಕ್ಕಳನ್ನು ಕೊಡುವ ದೇವಿ ಒಂದೇಟು ಕೊಟ್ಟು ಕಳಿಸಿದಳು ಎನ್ನುತ್ತಾರೆ. ನಮ್ಮ ಮಕ್ಕಳಲ್ಲೂ ಈ ನೀಲಿ ಕಲೆ ಸಾಮಾನ್ಯ, ಬೆಳೆಯುತ್ತಾ ಮಾಸಿಹೋಗುತ್ತದೆ. ನಮ್ಮಲ್ಲಿ ಗ್ರಹಣದ ಮೇಲೆ ತಪ್ಪು ಹೊರಿಸಿ ಬಸುರಿಯನ್ನು ಬೈಯುವುದಕ್ಕಿಂತ ಆ ದೇವಿಯ ಏಟಿನ ಕಥೆ ನನಗೆ ಹೆಚ್ಚು ಹಿತವಾಗಿ ಕಾಣುತ್ತದೆ. ಅದರಲ್ಲಿ ತಾಯಿಯ ತಪ್ಪು ಎಂಬ ಮಾತೇ ಇಲ್ಲ.

ಜಾಲತಾಣಗಳಲ್ಲಿ ಕಾಣುವ ‘ನೀಲಿ ಹುಟ್ಟುಮಚ್ಚೆ ಎಂದರೆ ಭಯ, ಕೆಂಪು ಎಂದರೆ ಜಗಳ, ಕಪ್ಪು ಎಂದರೆ ಕಾಯಿಲೆ’ ಎಂಬ ಪಟ್ಟಿಯದು ಬೇರೆ ಕಥೆ. ಈ ಬಣ್ಣಗಳ ಅರ್ಥ ಹಳೆಯದೇ. ಆದರೆ ಅದು ಹೇಳಿದ್ದು ಮುಖದ ಕಳೆಗೆ, ಅಂದರೆ ದಿನದಿಂದ ದಿನಕ್ಕೆ ಬಂದು ಹೋಗುವ ಛಾಯೆಗೆ. ಇಂದು ಹಣೆ ಮಂಕಾಗಿದೆ, ನಾಳೆ ಹಳದಿ ಹೊಳಪು ಬಂದರೆ ಶುಭವಾರ್ತೆ, ಹೀಗೆ. ಹುಟ್ಟಿದಾಗಿನಿಂದ ಕದಲದೆ ಕೂತ ಕಲೆಗೆ ಅದನ್ನು ಅಂಟಿಸಿದರೆ ಜ್ವರ ನೋಡುವ ಥರ್ಮಾಮೀಟರಿನಿಂದ ಎತ್ತರ ಅಳೆದ ಹಾಗೆ.

ಚರಿತ್ರೆಯಲ್ಲಿ ಮಚ್ಚೆ ಎಂದೊಡನೆ ನೆನಪಾಗುವವನು ಹಾನ್ ವಂಶವನ್ನು ಸ್ಥಾಪಿಸಿದ ಲಿಯು ಬಾಂಗ್. ಅವನ ಎಡತೊಡೆಯ ಮೇಲೆ 72 ಕಪ್ಪು ಮಚ್ಚೆಗಳಿದ್ದವು ಎಂದು ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಯಾರು ಕೂತು ಎಣಿಸಿದರೋ! 72 ಎನ್ನುವುದು 360 ದಿನಗಳ ವರ್ಷವನ್ನು ಪಂಚತತ್ತ್ವಗಳಿಗೆ ಹಂಚಿದರೆ ಬರುವ ಸಂಖ್ಯೆ ಎಂದು ಆಮೇಲಿನ ವ್ಯಾಖ್ಯಾನಕಾರರೇ ತೋರಿಸಿದ್ದಾರೆ. ರೈತಾಪಿ ಮನೆಯಲ್ಲಿ ಹುಟ್ಟಿದವನು ಚಕ್ರವರ್ತಿಯಾದ ಮೇಲೆ ತೊಡೆಯ ಮೇಲೆ ಆಕಾಶದ ಲೆಕ್ಕ ಮೂಡಿತು ಎಂದು ನನಗನ್ನಿಸುತ್ತದೆ. ಗಂಡಸಿಗೆ ಎಡ, ಮುಚ್ಚಿದ ಜಾಗ, ಅಚ್ಚ ಕಪ್ಪು, ಮೂರು ನಿಯಮಕ್ಕೂ ಸರಿಯಾಗಿ ಕೂರುತ್ತದೆ ನೋಡಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಆನ್ ಲುಶಾನನ ಕಥೆ. ಚೀನಾದ ತಾಂಗ್ ವಂಶದ ಕಾಲದಲ್ಲಿ ಅವನಿನ್ನೂ ಚಿಕ್ಕ ಅಧಿಕಾರಿ. ಒಂದು ದಿನ ಸೇನಾಪತಿಯ ಕಾಲು ತೊಳೆಯುತ್ತಾ ಅಂಗಾಲಿನ ಕಪ್ಪು ಮಚ್ಚೆಯನ್ನು ಕದ್ದು ನೋಡಿದನಂತೆ. ಯಾಕೆಂದು ಸೇನಾಪತಿ ಕೇಳಿದ. ದುರದೃಷ್ಟಕ್ಕೆ ನನಗೆ ಎರಡೂ ಕಾಲಿನಲ್ಲಿವೆ, ನಿಮ್ಮದಕ್ಕಿಂತ ಕಪ್ಪು, ದೊಡ್ಡವು ಎಂದ. ಅಂದಿನಿಂದ ಸೇನಾಪತಿಗೆ ಇವನ ಮೇಲೆ ವಿಶೇಷ ಪ್ರೀತಿ. ಅಂಗಾಲಿನ ಮಚ್ಚೆ ಆಳುವವನ ಗುರುತು ಎಂಬ ನಂಬಿಕೆ ಇದರ ಹಿಂದಿದೆ. 755ರಲ್ಲಿ ಆನ್ ಲುಶಾನ್ ದಂಗೆಯೆದ್ದು ಮರುವರ್ಷ ತನ್ನನ್ನು ಚಕ್ರವರ್ತಿ ಎಂದು ಸಾರಿಕೊಂಡ. 757ರಲ್ಲಿ ಸ್ವಂತ ಮಗನೇ ಅವನನ್ನು ಕೊಲ್ಲಿಸಿದ. ಮಕ್ಕಳಿಂದ ಬರುವ ದುಃಖ ಕಣ್ಣಿನ ಕೆಳಗೇ ಬರೆದಿರಬೇಕಿತ್ತಲ್ಲವೇ? ಕಥೆ ಹೇಳುವವರಿಗೆ ನೆನಪಿರುವುದು ಅಂಗಾಲು ಮಾತ್ರ.

ಚೀನಾದವರೆಲ್ಲ ಇದನ್ನು ಕಣ್ಣುಮುಚ್ಚಿ ನಂಬಿದರು ಎಂದುಕೊಳ್ಳಬೇಡಿ. ಕ್ರಿಸ್ತಪೂರ್ವ 3ನೇ ಶತಮಾನದ ತತ್ತ್ವಜ್ಞಾನಿ ಶುನ್ ಜಿ ಮುಖಲಕ್ಷಣದ ವಿರುದ್ಧವೇ ಒಂದು ಅಧ್ಯಾಯ ಬರೆದ. ರೂಪ ನೋಡುವುದಕ್ಕಿಂತ ಮನಸ್ಸನ್ನು ನೋಡುವುದು ಮೇಲು ಎಂಬುದು ಅವನ ವಾದದ ತಿರುಳು. ಕ್ರೂರಿಗಳೆಂದು ಹೆಸರಾದ ಜಿಯೆ, ಝೌ ಎಂಬ ರಾಜರು ಎತ್ತರದ ಸುಂದರಾಂಗರಾಗಿದ್ದರು, ಕನ್‌ಫ್ಯೂಷಿಯಸ್ಸನ ಮುಖವೋ ಭೂತ ಓಡಿಸುವವರು ಹಾಕಿಕೊಳ್ಳುವ ಮುಖವಾಡದಂತಿತ್ತು ಎಂದು ಉದಾಹರಣೆ ಕೊಟ್ಟಿದ್ದಾನೆ. ಹೆಚ್ಚುಕಡಿಮೆ ಎರಡು ಸಾವಿರದ ಮುನ್ನೂರು ವರ್ಷದ ಹಿಂದಿನ ಮಾತಿದು.

ಆ ಹನ್ನೆರಡು ಅರಮನೆಗಳ ಪಟ್ಟಿಯನ್ನು ನಿಧಾನವಾಗಿ ಓದಿದರೆ ಭವಿಷ್ಯ ಕಾಣದಿದ್ದರೂ ಅದನ್ನು ಬರೆದವರ ಮನೆ ಕಾಣುತ್ತದೆ. ಗಲ್ಲದ ಎರಡು ಬದಿ ಆಳುಕಾಳುಗಳ ಜಾಗ. ಹೊಲ, ಹೆಂಡತಿ, ಗಂಡುಮಕ್ಕಳು, ಸರಕಾರಿ ಪದವಿ, ಆಳುಗಳು ಇದ್ದ ಯಜಮಾನನೊಬ್ಬನ ಚಿಂತೆಗಳನ್ನೆಲ್ಲ ಮುಖದ ಮೇಲೆ ಹರವಿಟ್ಟ ಹಾಗಿದೆ. ಹಣೆಯ ಎರಡು ಅಂಚಿನಲ್ಲಿ ಪ್ರಯಾಣದ ಜಾಗವಿದೆ, ಅದಕ್ಕೆ ಅಂಚೆಕುದುರೆಯ ಹೆಸರು. ಈಗಿನ ಜ್ಯೋತಿಷಿಗಳು ಅಲ್ಲಿ ವಿದೇಶದ ಕೆಲಸ ನೋಡುತ್ತಾರೆ, ಆಳುಗಳ ಜಾಗದಲ್ಲಿ ಕೈಕೆಳಗಿನ ಸಿಬ್ಬಂದಿಯನ್ನು. ಹೆಂಗಸರ ಮಚ್ಚೆಗಳ ಫಲ ಮಾತ್ರ ಅಷ್ಟು ಸುಲಭಕ್ಕೆ ಬದಲಾಗಿಲ್ಲ. ಗಂಡನಿಗೆ ಆಗದು, ಮಕ್ಕಳಿಗೆ ಆಗದು ಎಂಬ ಮಾತುಗಳು ಹೆಂಗಸರ ಮಚ್ಚೆಗಳ ಫಲ ತೋರಿಸುವ ಚಿತ್ರಪಟದಲ್ಲೇ ಜಾಸ್ತಿ. ನಮ್ಮಲ್ಲಿ ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗದು ಎಂದು ಸಂಬಂಧ ಬಿಡುತ್ತಾರಲ್ಲ, ಅದೇ ಜಾತಿಯ ಮಾತು. ‘ಕಣ್ಣೀರಿನ ಮಚ್ಚೆ’ಯ ಭಯವೂ ಈ ಸಾಲಿನದೇ ಎಂದು ನನ್ನ ಅಭಿಪ್ರಾಯ.

ತೆಗೆಸುವ ವಿಚಾರಕ್ಕೆ ಬರೋಣ. ಚೀನಾ, ತೈವಾನಿನ ಬೀದಿಗಳಲ್ಲಿ ಮಚ್ಚೆಗೆ ಚುಕ್ಕೆ ಇಟ್ಟು ಸುಡುವ ಅಂಗಡಿಗಳು ಬಹಳ ಕಾಲದಿಂದ ಇವೆ. ಮೊದಲು ಪಟ ನೋಡಿ ಇದು ಕೆಟ್ಟದ್ದು ಎನ್ನುವುದು, ಆಮೇಲೆ ತೆಗೆಯಲು ಕಾಸು ಕೇಳುವುದು, ಎರಡೂ ಒಂದೇ ಕುರ್ಚಿಯಲ್ಲಿ ನಡೆಯುತ್ತದೆ. ನಮ್ಮ ಕಡೆ ಸುಣ್ಣಕ್ಕೆ ಬಟ್ಟೆ ಸೋಡ ಕಲಸಿ ನರುಲಿ ಸುಡುತ್ತಿದ್ದರಲ್ಲ, ಅಂಥದ್ದೇ ಕ್ಷಾರ ಅಲ್ಲೂ. ಕಣ್ಣಿನ ಹತ್ತಿರ ಅದನ್ನು ಮುಟ್ಟಿಸಲೇಬಾರದು. ಚರ್ಮ ಸುಟ್ಟು ಗುಳಿ ಬೀಳುವುದು ಒಂದು ಅಪಾಯ. ತೆಗೆದದ್ದು ಏನೆಂದು ಪರೀಕ್ಷೆಗೆ ಕಳಿಸಲು ಏನೂ ಉಳಿಯದಿರುವುದು ಇನ್ನೂ ದೊಡ್ಡದು.

ಹುಟ್ಟಿನಿಂದ ಬಂದ ಸಣ್ಣ ಕಂದು ಮಚ್ಚೆ ನೂರಕ್ಕೆ ಸುಮಾರು ಒಂದು ಮಗುವಿಗೆ ಇರುತ್ತದೆ. ಮಗು ಬೆಳೆದ ಹಾಗೆ ಅದೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ, ಕೆಲವೊಮ್ಮೆ ಕೂದಲೂ ಬರುತ್ತದೆ. ಸಣ್ಣವು ಮುಂದೆ ಕ್ಯಾನ್ಸರ್ ಆಗುವ ಸಂಭವ ತೀರಾ ಕಡಿಮೆ. ಚರ್ಮವೈದ್ಯರು ಸುಮ್ಮಸುಮ್ಮನೆ ತೆಗೆಯುವುದಿಲ್ಲ. ಅವರು ತಲೆಕೆಡಿಸಿಕೊಳ್ಳುವ ಮುಖದ ಗುರುತುಗಳು ಬೇರೆ. ಹಣೆ ಅಥವಾ ಮೇಲಿನ ರೆಪ್ಪೆಯ ಮೇಲೆ ದ್ರಾಕ್ಷಾರಸ ಚೆಲ್ಲಿದಂಥ ಕೆಂಪು ಕಲೆ ಹುಟ್ಟಿನಿಂದ ಇದ್ದರೆ ಕಣ್ಣಿನ ಒತ್ತಡ, ಮಿದುಳು ಎರಡನ್ನೂ ಪರೀಕ್ಷೆ ಮಾಡಿಸಬೇಕು, ಅಂಥ ಕೆಲವು ಮಕ್ಕಳಿಗೆ ಫಿಟ್ಸ್ ಬರುವುದುಂಟು. ಆ ಕಲೆಗೆ ಕಾರಣವಾದ ಒಂದು ಜೀನಿನ ಬದಲಾವಣೆ 2013ರಲ್ಲಿ ಗೊತ್ತಾಯಿತು. ಅದು ಬಸಿರಿನಲ್ಲಿ ತಾನಾಗಿ ಆಗುವಂಥದ್ದು, ತಾಯಿ ತಿಂದದ್ದು ನೋಡಿದ್ದು ಯಾವುದೂ ಕಾರಣವಲ್ಲ. ಒಂದು ಕಣ್ಣಿನ ಸುತ್ತ, ಕೆನ್ನೆಯವರೆಗೆ ಬೂದುನೀಲಿ ಛಾಯೆ ಹರಡಿದ್ದರೆ ಅದು ಏಷ್ಯಾದವರಲ್ಲಿ ಹೆಚ್ಚು ಕಾಣುವ ‘ಓಟಾ’ ಮಚ್ಚೆ ಇರಬಹುದು. 1939ರಲ್ಲಿ ಅದನ್ನು ವಿವರಿಸಿದ ಜಪಾನಿನ ವೈದ್ಯ ಮಸಾವೊ ಓಟಾ ಕವಿಯೂ ಹೌದು, ಆದರೂ ಕಣ್ಣೀರು ಗಿಣ್ಣೀರು ಎನ್ನದೆ ಚರ್ಮದೊಳಗಿನ ಬಣ್ಣದ ಕಣಗಳ ಲೆಕ್ಕ ಬರೆದ. ಇದಕ್ಕೂ ಕಣ್ಣಿನ ಪರೀಕ್ಷೆ ಬೇಕು, ಲೇಸರಿನಿಂದ ಚೆನ್ನಾಗಿ ತಿಳಿಯಾಗುತ್ತದೆ.

ಆನ್ ಲುಶಾನನ ಅಂಗಾಲಿಗೆ ಇನ್ನೊಮ್ಮೆ ಹೋಗೋಣ. ಏಷ್ಯಾದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಪರೂಪ. ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಬರುತ್ತದೆ. ಶಾಸ್ತ್ರ ರಾಜಯೋಗವೆಂದು ಹೊಗಳುವ ಜಾಗವನ್ನು ವೈದ್ಯರು ಅನುಮಾನದಿಂದ ನೋಡುತ್ತಾರೆ, ಶಾಸ್ತ್ರ ಹೆದರಿಸುವ ನಿಮ್ಮ ಮಗಳ ಮಚ್ಚೆಯನ್ನು ನೋಡಿ ಮನೆಗೆ ಕಳಿಸುತ್ತಾರೆ. ದೊಡ್ಡವರ ಅಂಗಾಲಿನಲ್ಲಿ ಹೊಸ ಕಪ್ಪು ಕಲೆ ಎದ್ದು ಅಗಲವಾಗುತ್ತಿದ್ದರೆ ಅದೃಷ್ಟವೆಂದು ಕೂರದೆ ತೋರಿಸಿ. ನಿಮ್ಮತ್ತೆಯವರ ಕಾಲನ್ನೂ ಒಮ್ಮೆ ನೋಡಿಬಿಡಿ.

ಮಗಳಿಗೆ ಮುಂದೆ ಆ ಮಚ್ಚೆ ಬೇಡವೆನಿಸಿದರೆ ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಲಿ. ಕೆಳರೆಪ್ಪೆಯ ಹತ್ತಿರ ತೆಗೆದರೆ ಗಾಯದ ಗೆರೆ ಉಳಿಯಬಹುದು, ಅದನ್ನು ತೂಗಿ ನೋಡುವ ವಯಸ್ಸು ಒಂಬತ್ತಲ್ಲ. ಸದ್ಯಕ್ಕೆ ಒಮ್ಮೆ ಚರ್ಮವೈದ್ಯರಿಗೆ ತೋರಿಸಿ. ಆಮೇಲೆ ಆರು ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ, ಕೆನ್ನೆಗೆ ಒಂದು ಸ್ಕೇಲು ಹಿಡಿದು ಫೋಟೊ ತೆಗೆದಿಡಿ. ಅಂಚು ಒಂದು ಕಡೆ ಮಾತ್ರ ಹರಡಿದರೆ, ಬಣ್ಣ ಎರಡು ಮೂರಾದರೆ, ರಕ್ತ ಬಂದರೆ ಆ ಫೋಟೊಗಳನ್ನು ತೆಗೆದುಕೊಂಡು ಮತ್ತೆ ಅದೇ ವೈದ್ಯರ ಹತ್ತಿರ ಹೋಗಿ.