ಸನ್ಯಾಸಿ ಏಡಿಗೂ ಮನೆಯ ಬರ

ಕಾರವಾರದ ಕಡೆ ಕಡಲು ಇಳಿದಾಗ, ಬಂಡೆಗಳ ನಡುವೆ ನಿಂತ ನೀರನ್ನು ಐದು ನಿಮಿಷ ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಬಿದ್ದಿದ್ದ ಶಂಖವೊಂದು ಎದ್ದು ನಡೆಯತೊಡಗುತ್ತದೆ. ಒಳಗಿರುವುದು ಸನ್ಯಾಸಿ ಏಡಿ. ಅದರ ಹತ್ತಿರ ಒಂದು ಖಾಲಿ ಶಂಖ ಇಟ್ಟು ನೋಡಿ. ಮೊದಲು ಕಾಲಿನಿಂದ ತಡವುತ್ತದೆ, ಹೊರಳಿಸುತ್ತದೆ, ಇಕ್ಕಳದಂಥ ಮುಂಗಾಲನ್ನು ಶಂಖದ ಬಾಯೊಳಗೆ ತೂರಿಸಿ ಅಳತೆ ನೋಡುತ್ತದೆ. ಹಿಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಳೆಯದರಿಂದ ಹೊರಬಂದು ಹೊಸದಕ್ಕೆ ಸೇರಿಬಿಡುತ್ತದೆ. ಆ ಒಂದು ಗಳಿಗೆಯಲ್ಲಿ ಅದರ ಹೊಟ್ಟೆ ಕಾಣುತ್ತದೆ. ಮೆತ್ತಗೆ, ಸುರುಳಿಯಾಗಿ, ಯಾವ ರಕ್ಷಣೆಯೂ ಇಲ್ಲದೆ. ಮೀನಿಗೆ ಅದೊಂದು ತುತ್ತು.

ಈ ಶಂಖ ಏಡಿ ಕಟ್ಟಿದ್ದಲ್ಲ. ಕಟ್ಟಿದ್ದು ಕಡಲ ಬಸವನಹುಳು. ಅದು ಸತ್ತರೆ ಇದಕ್ಕೆ ಮನೆ. ಹಾಗಾಗಿ ಎಷ್ಟೋ ತೀರಗಳಲ್ಲಿ ಏಡಿಗಳ ಸಂಖ್ಯೆಯನ್ನು ಊಟಕ್ಕಿಂತ ಮನೆಯೇ ತೀರ್ಮಾನಿಸುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳಲ್ಲಿ ರಿಚರ್ಡ್ ವಾನ್ಸ್ ಇದನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಬಂಡೆಗಳ ಮೇಲೆ ಖಾಲಿ ಶಂಖಗಳನ್ನು ತಂದು ಹಾಕಿದರು, ಏಡಿಗಳು ಹೆಚ್ಚಾದವು.

"ದಡದಲ್ಲಿ ಇಷ್ಟೊಂದು ಶಂಖ ಬಿದ್ದಿದೆಯಲ್ಲ" ಅನ್ನಬಹುದು. ಬಿದ್ದಿರುವುದರಲ್ಲಿ ಬಹಳಷ್ಟು ಚಿಕ್ಕವು, ಇಲ್ಲವೇ ತೂತು ಬಿದ್ದವು. ಏಡಿ ಬೆಳೆಯುತ್ತದೆ, ಶಂಖ ಬೆಳೆಯುವುದಿಲ್ಲ ಅಲ್ವಾ? ದೊಡ್ಡದು ಸಿಗದಿದ್ದರೆ ಅದರ ಬೆಳವಣಿಗೆಯೇ ಕುಂಠಿತವಾಗುತ್ತದೆ. ಅಪಾಯ ಬಂದಾಗ ಪೂರ್ತಿ ಒಳಗೆ ಹೋಗಲೂ ಆಗುವುದಿಲ್ಲ. ಹೆಣ್ಣು ಏಡಿ ಮೊಟ್ಟೆಗಳನ್ನು ಶಂಖದೊಳಗೇ, ಹೊಟ್ಟೆಗೆ ಅಂಟಿಸಿಕೊಂಡು ಕಾಯುತ್ತದೆ. ಜಾಗ ಇಕ್ಕಟ್ಟಾದರೆ ಮೊಟ್ಟೆಗಳೂ ಕಡಿಮೆ. ನನಗೆ ಜಾಸ್ತಿ ಚಿಂತೆ ಇದರದ್ದೇ. ದಡದಲ್ಲಿ ಏಡಿಗಳು ಓಡಾಡುತ್ತಲೇ ಇರುತ್ತವೆ, ಮುಂದಿನ ಪೀಳಿಗೆ ಮಾತ್ರ ಸದ್ದಿಲ್ಲದೆ ಕರಗುತ್ತಿರುತ್ತದೆ.

ಹಾಗೆಯೇ, ಒಂದು ಒಳ್ಳೆಯ ಶಂಖದಿಂದ ಒಂದೇ ಏಡಿಗೆ ಲಾಭ ಅಂದುಕೊಳ್ಳಬೇಡಿ. ದೊಡ್ಡದು ಅದಕ್ಕೆ ಸೇರಿದರೆ ಅದರ ಹಳೆಯ ಮನೆಗೆ ಇನ್ನೊಂದು, ಆ ಇನ್ನೊಂದರ ಮನೆಗೆ ಮತ್ತೊಂದು. ಕೆಲವೊಮ್ಮೆ ಗಾತ್ರದ ಪ್ರಕಾರ ಸಾಲುಗಟ್ಟಿ ಕಾಯುತ್ತವೆ. ಕೊನೆಗೆ ಉಳಿಯುವುದು ಯಾರಿಗೂ ಬೇಡದ ಒಡಕು ಶಂಖ. ನಾವು ನೆನಪಿಗೆಂದು ಆರಿಸುವುದು ದೊಡ್ಡದನ್ನು, ಒಡೆಯದ್ದನ್ನು. ಸಾಲಿನ ತಲೆಯೇ ಹೋಯಿತು. ಸ್ಪೇನಿನ ಯಾರ್ಗಾ ಎಂಬ ಪುಟ್ಟ ತೀರದಲ್ಲಿ ಮೂವತ್ತು ವರ್ಷಗಳ ಅಂತರದಲ್ಲಿ ಚಿಪ್ಪುಗಳನ್ನು ಎಣಿಸಿದಾಗ, ಪ್ರವಾಸಿಗರು ಸುಮಾರು 2.7 ಪಟ್ಟು ಹೆಚ್ಚಿದ್ದರು, ಚಿಪ್ಪುಗಳು ಹೆಚ್ಚುಕಡಿಮೆ ಅಷ್ಟೇ ಪಟ್ಟು ಇಳಿದಿದ್ದವು.

ನೆಲದ ಮೇಲೆ ಬದುಕುವ ಸನ್ಯಾಸಿ ಏಡಿಗಳ ಕಷ್ಟ ಇನ್ನೂ ದೊಡ್ಡದು. ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ದಡಕ್ಕೆ ಬಂದ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳೊಳಗೆ ಅವು ಹೊಕ್ಕುತ್ತವೆ. ಒಳಗೋಡೆ ನುಣುಪು, ಹತ್ತಿ ಬರಲಾಗದೆ ಅಲ್ಲೇ ಸಾಯುತ್ತವೆ. ಹೀಗೆ ವರ್ಷಕ್ಕೆ ಸುಮಾರು 5,08,000 ಏಡಿಗಳು ಸಾಯುತ್ತವೆ ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಒಂದು ಏಡಿ ಸತ್ತರೆ ಅದರ ವಾಸನೆ ಉಳಿದವಕ್ಕೆ "ಇಲ್ಲೊಂದು ಮನೆ ಖಾಲಿಯಾಗಿದೆ" ಎಂಬ ಸುದ್ದಿ. ಆ ವಾಸನೆ ಹಿಡಿದು ಇನ್ನೊಂದು ಅದೇ ಡಬ್ಬಿಗೆ ಇಳಿಯುತ್ತದೆ, ಅದರ ಹಿಂದೆ ಮತ್ತೊಂದು. ಒಂದೇ ಡಬ್ಬಿಯಲ್ಲಿ 526 ಏಡಿಗಳು ಸಿಕ್ಕಿದ್ದವು.