8086 ಅಂದರೆ ಯಾರು?

ಗೌರಿಬಿದನೂರಿನ ಗೆಳೆಯರೊಬ್ಬರು ಹಳೆ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ಮಗಳ ಓದಿಗೆ ಇರಲಿ ಅಂತ ಅದರ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದ್ದರು. ವೈಫೈ ಮಾತ್ರ ಬರುತ್ತಿಲ್ಲ. ಅಂಗಡಿಯವರು ಮೂರು ಸಲ ಫಾರ್ಮ್ಯಾಟ್ ಮಾಡಿ, 'ಲಿನಕ್ಸ್‌ಗೆ ಡ್ರೈವರ್ ಸಿಗಲ್ಲ, ಅದರ ಹಣೆಬರಹವೇ ಅಷ್ಟು' ಅಂದರಂತೆ. ಡ್ರೈವರ್ ಅಂದರೆ ಒಂದು ಸಾಧನವನ್ನು ನಡೆಸುವ ಪ್ರೋಗ್ರಾಂ.

ಹಣೆಬರಹ! ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸೋಕೇ ಒಂದು ಸಮಿತಿ ಮಾಡಿದ್ದರು. ಅವರ ಊರಿನ ಮಗ್ಗುಲಲ್ಲೇ ಯಂತ್ರಕ್ಕೆ ಹಣೆಬರಹ ಕಟ್ಟುವುದು ಕೇಳಿದರೆ ನನಗೆ ಬೇಜಾರಾಗುತ್ತದೆ. ಮೂರು ಸಲ ಫಾರ್ಮ್ಯಾಟ್ ಮಾಡುವುದು ನಿಂಬೆಹಣ್ಣು ಕಟ್ಟಿದ ಹಾಗೆಯೇ. ಕಾರಣ ಹುಡುಕಬೇಕು.

ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು ಪಿಸಿಐ ಪಟ್ಟಿ, ಅಂದರೆ ಲ್ಯಾಪ್‌ಟಾಪ್‌ನ ಒಳಗೆ ಕೂಡಿಸಿದ ಸಾಧನಗಳ ಪಟ್ಟಿ ತೆಗೆದೆ. ವೈಫೈ ಸಾಲಿನಲ್ಲಿ ಎರಡು ನಂಬರ್ ಇತ್ತು. ಮೊದಲನೆಯದು ಚಿಪ್ ಮಾಡಿದವರದು, ಎರಡನೆಯದು ಆ ಚಿಪ್ಪಿನದು. ಪಿಸಿಐ ಇರಲಿ, ಯುಎಸ್‌ಬಿ ಇರಲಿ, ಪ್ರತಿ ಸಾಧನದ ಹೊಟ್ಟೆಯಲ್ಲೂ ಇಂಥ ಜೋಡಿ ಇರುತ್ತದೆ. ಇಂಟೆಲ್‌ನ ಪಿಸಿಐ ನಂಬರ್ 8086. 1978ರಲ್ಲಿ ಅವರು ತಂದ ಪ್ರೊಸೆಸರ್‌ನ ಹೆಸರೂ ಅದೇ. ಎಷ್ಟು ಚೆಂದ ಅಲ್ವಾ!

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ನೋಡಿದ್ದೀರಾ? ಅಲ್ಲಿ ಹರಾಜು ನಡೆಯುವುದು ಲಾಟ್ ನಂಬರ್ ಮೇಲೆ. ಲಿನಕ್ಸ್‌ನಲ್ಲೂ ಹಾಗೇ. ಪ್ರತಿ ಡ್ರೈವರ್ ತನಗೆ ಯಾವ ಯಾವ ನಂಬರ್ ಗೊತ್ತು ಅಂತ ಮೊದಲೇ ಬರೆಸಿಟ್ಟಿರುತ್ತದೆ. ಸಾಧನ ಕಂಡ ಕೂಡಲೇ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರ ನಂಬರ್ ಕೂಗುತ್ತದೆ. ಪಟ್ಟಿಯಲ್ಲಿ ಆ ನಂಬರ್ ಇರುವ ಡ್ರೈವರ್ ಎದ್ದು ಬರುತ್ತದೆ. ಬಂದ ಮೇಲೆ ಸಾಧನಕ್ಕೂ ಕರ್ನಲ್‌ಗೂ ನಡುವೆ ಅದರ ಕೆಲಸ ದುಭಾಷಿಯದು. ಹಿಂದೂಪುರದ ವ್ಯಾಪಾರಿ ತೆಲುಗಿನಲ್ಲಿ ಹೇಳಿದ್ದನ್ನು ನಮ್ಮ ಸಂತೆಯಲ್ಲಿ ಒಬ್ಬ ಕನ್ನಡಕ್ಕೆ ತಿರುಗಿಸಿ ಹೇಳುತ್ತಾನಲ್ಲ, ಹಾಗೆ. ಇಂಥ ದುಭಾಷಿಗಳನ್ನು ಸಿಡಿಯಲ್ಲಿ ತರಬೇಕಾಗಿಲ್ಲ. ಬಹುಪಾಲು ಕರ್ನಲ್ ಜೊತೆಗೇ ಬರುತ್ತವೆ. ಕರ್ನಲ್‌ನ ಕೋಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಡ್ರೈವರ್‌ಗಳೇ!

ನಮ್ಮ ಗೆಳೆಯರ ಲ್ಯಾಪ್‌ಟಾಪ್‌ನಲ್ಲೂ ಡ್ರೈವರ್ ಎದ್ದು ಬಂದಿತ್ತು. ಕರ್ನಲ್‌ನ ಲಾಗ್ ಓದಿದರೆ ಫರ್ಮ್‌ವೇರ್ ಫೈಲ್ ಸಿಗಲಿಲ್ಲ ಅಂತ ಒಂದು ಸಾಲು. ಫರ್ಮ್‌ವೇರ್ ಬೇರೆ, ಡ್ರೈವರ್ ಬೇರೆ. ಅದು ಚಿಪ್ಪಿನ ಒಳಗೇ ಓಡುವ ಪುಟ್ಟ ಪ್ರೋಗ್ರಾಂ. ಕರೆಂಟ್ ಹೋದರೆ ಎಷ್ಟೋ ಚಿಪ್‌ಗಳು ಅದನ್ನು ಮರೆತುಬಿಡುತ್ತವೆ. ಬಾವಿ ಮೇಲಿನ ಪಂಪಿಗೆ ಮೊದಲು ಒಂದು ಬಿಂದಿಗೆ ನೀರು ಹುಯ್ಯದಿದ್ದರೆ ನೀರೆತ್ತುತ್ತದಾ? ಹಾಗೆಯೇ ಡ್ರೈವರ್ ಪ್ರತಿ ಸಲವೂ ಈ ಫೈಲನ್ನು ಚಿಪ್ಪಿಗೆ ಹುಯ್ಯಬೇಕು. ನೀರೇ ಇಲ್ಲದೆ ಪಂಪನ್ನು ಮೂರು ಸಲ ಬಿಚ್ಚಿ ಕಟ್ಟಿದರೆ ಏನು ಬಂತು? ಇಂಥ ಫೈಲ್‌ಗಳು ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ಸಾಫ್ಟ್‌ವೇರ್ ಅಲ್ಲ ಅಂತ, ಡೆಬಿಯನ್ ಅನ್ನುವ ಲಿನಕ್ಸ್ ಬಗೆಯನ್ನು ಮಾಡುವವರು ಬಹಳ ಕಾಲ ತಮ್ಮ ಅಧಿಕೃತ ಇನ್‌ಸ್ಟಾಲರ್‌ನಿಂದ ಹೊರಗಿಟ್ಟಿದ್ದರು. 2023ರ ಡೆಬಿಯನ್ 12ರಿಂದ ಒಳಗೆ ಬಿಟ್ಟುಕೊಂಡಿದ್ದಾರೆ.

ನಿಜವಾದ ತೊಂದರೆ ಇರುವುದು ತಯಾರಕರು ಸಾಧನದ ಭಾಷೆಯನ್ನೇ ಗುಟ್ಟಾಗಿಟ್ಟಾಗ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಹಳೆ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ಮುದ್ರಣಕ್ಕೆ ಕಾಯುತ್ತಿದ್ದವರಿಗೆಲ್ಲ ಸುದ್ದಿ ಹೋಗುವ ಹಾಗೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಕೋಡ್ ತಿದ್ದಿದ್ದರು. ಹೊಸದರ ಕೋಡ್ ಅವರಿಗೆ ಸಿಗಲಿಲ್ಲ. ಆ ಅನುಭವ ಅವರನ್ನು ಬಿಡಲಿಲ್ಲ. 1983ರಲ್ಲಿ ಅವರು ಮುಕ್ತ ಸಾಫ್ಟ್‌ವೇರ್‌ಗಾಗಿ ಗ್ನೂ ಯೋಜನೆ ಸಾರಿದರು. 2007ರಲ್ಲಿ ಲಿನಕ್ಸ್ ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್, ಸಾಧನದ ವಿವರ ಕೊಡಿ, ಡ್ರೈವರ್ ನಾವೇ ಬರೆದುಕೊಡುತ್ತೇವೆ, ದುಡ್ಡು ಬೇಡ ಅಂತ ಕಂಪನಿಗಳಿಗೆ ಬಹಿರಂಗವಾಗಿ ಹೇಳಿದರು. ಯಾರು ಹೀಗೆ ಕೇಳುತ್ತಾರೆ ಹೇಳಿ!

ನೀವು ಯುಎಸ್‌ಬಿ ವೈಫೈ ಕೊಳ್ಳುವಾಗಲೂ ಸುಮ್ನೆ ಡಬ್ಬದ ಮೇಲಿನ ಹೆಸರು ನಂಬಬೇಡಿ. ಹೆಸರು ಅದೇ ಇದ್ದು, ಎರಡನೇ ಆವೃತ್ತಿಯಲ್ಲಿ ಒಳಗಿನ ಚಿಪ್ ಬದಲಾಗಿರಬಹುದು. ಅಂಗಡಿಯಲ್ಲೇ ಒಮ್ಮೆ ಚುಚ್ಚಿ ನಂಬರ್ ಬರೆದುಕೊಳ್ಳಿ.

ಗೆಳೆಯರ ಫೋನಿಗೆ ಕೇಬಲ್ ಹಾಕಿ ನೆಟ್ ತಗೊಂಡು, ಫರ್ಮ್‌ವೇರ್ ಪ್ಯಾಕೇಜ್ ಇಳಿಸಿ, ರೀಸ್ಟಾರ್ಟ್ ಮಾಡಿದೆ. ಪಕ್ಕದ ಮನೆಯವರ ವೈಫೈ ಹೆಸರೂ ಪಟ್ಟಿಯಲ್ಲಿ ಬಂತು. ಆ ಎರಡು ನಂಬರನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್‌ನ ಅಡಿಗೆ ಅಂಟಿಸಿ ಕಳಿಸಿದೆ.