ಪಾಠದ ಮಧ್ಯೆ ಎದ್ದು ಹೋಗುವ ಮಕ್ಕಳು

ಶಾಲಾ ಆಪ್ತಸಮಾಲೋಚಕಿಯಾಗಿ ನನ್ನ ಮುಂದೆ ಪ್ರತಿ ವರ್ಷ ಶಾಲೆ ಶುರುವಾದ ಕೂಡಲೇ ಬರುವ ಜಗಳ ಒಂದಿದೆ. ಪಾಠ ನಡೆಯುವಾಗ ಮಕ್ಕಳನ್ನು ಹೊರಗೆ ಬಿಡಬೇಕಾ, ಬೇಡವಾ? "ಒಬ್ಬ ಎದ್ರೆ ಹಿಂದೇನೇ ನಾಲ್ಕು ಜನ ಏಳ್ತಾರೆ ಮೇಡಂ" ಅನ್ನುತ್ತಾರೆ ಟೀಚರುಗಳು. "ಮಗು ಕೇಳಿದ್ರೆ ಕಳ್ಸೋಕೇನು ಕಷ್ಟ?" ಅನ್ನುತ್ತಾರೆ ಅಪ್ಪ ಅಮ್ಮ. ಇಬ್ಬರ ಮಾತೂ ನಿಜ. ಆದರೆ ಇಬ್ಬರ ಮನಸ್ಸಿನಲ್ಲಿರುವ ಮಗು ಬೇರೆ ಬೇರೆ.

ಕಿರುಬೆರಳು ಎತ್ತಿ ಒಂದಕ್ಕೆ ಹೋಗಬೇಕು ಅನ್ನುವ ಮಗುವನ್ನು ಬಿಡಲೇಬೇಕು. ಇದರಲ್ಲಿ ಚೌಕಾಸಿ ಬೇಡ. ಮಗುವಿನ ಮೂತ್ರಕೋಶ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ವೈದ್ಯರು ಬಳಸುವ ಸುಲಭದ ಲೆಕ್ಕ ಒಂದಿದೆ. ವಯಸ್ಸಿಗೆ 2 ಕೂಡಿಸಿ, 30ರಿಂದ ಗುಣಿಸಿದರೆ ಮಿಲಿಲೀಟರ್ ಸಿಗುತ್ತದೆ. 7 ವರ್ಷದ ಮಗುವಿಗೆ ಸುಮಾರು 270. ಇಂಥ ಮಗು ನಮ್ಮ ಬೆಂಗಳೂರಿನಲ್ಲಿ ಆರೂಮುಕ್ಕಾಲಿಗೆ ಹಾಲು ಕುಡಿದು ವ್ಯಾನ್ ಹತ್ತುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡರಂತೂ ಮುಗೀತು. ಬಂದವರೇ ಬ್ಯಾಗ್ ಇಟ್ಟು ಪ್ರಾರ್ಥನೆಗೆ ಓಡುತ್ತಾರೆ. ಎರಡನೇ ಪೀರಿಯಡ್‌ನಲ್ಲಿ ಕಿರುಬೆರಳು ಏಳದೆ ಇನ್ನೇನಾಗುತ್ತದೆ?

ದಿನವೂ ಬಿಗಿಹಿಡಿದು ಕೂತರೆ ಮೂತ್ರದ ಸೋಂಕು ಬರಬಹುದು, ಹೆಣ್ಣುಮಕ್ಕಳಿಗೆ ಇನ್ನೂ ಬೇಗ. ಎರಡಕ್ಕೆ ತಡೆದರೆ ಮಲಬದ್ಧತೆ. ಅದು ಮೂತ್ರಕೋಶವನ್ನು ಒತ್ತಿ, ಹಗಲಿನಲ್ಲೇ ಚಡ್ಡಿ ಒದ್ದೆಯಾಗುವುದೂ ಉಂಟು. ಬೈಗುಳಕ್ಕೆ ಹೆದರಿದ ಮಕ್ಕಳು ಕಂಡುಕೊಳ್ಳುವ ಉಪಾಯ ಇನ್ನೊಂದು: ನೀರೇ ಕುಡಿಯುವುದಿಲ್ಲ. ಸಂಜೆ ಬಾಟಲಿ ಹೋದಷ್ಟೇ ಭಾರವಾಗಿ ಮನೆಗೆ ಬರುತ್ತಿದ್ದರೆ ಅಮ್ಮಂದಿರು ಸುಮ್ನೆ ಗದರಬೇಡಿ, ಶಾಲೆಯ ಶೌಚಾಲಯ ಹೇಗಿದೆ ಅಂತ ಕೇಳಿ. 2019ರಲ್ಲಿ ಕೇರಳದ ಬೆನ್ನಿಗೇ ನಮ್ಮ ರಾಜ್ಯದಲ್ಲೂ ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ 'ವಾಟರ್ ಬೆಲ್' ಬಂತು. ಒಳ್ಳೆಯದೇ. ಆದರೆ ಕುಡಿದ ನೀರು ಹೊರಗೆ ಹೋಗುವುದಕ್ಕೂ ಬೆಲ್ ಬೇಕಲ್ವಾ?

"ಇಂಟರ್ವಲ್‌ನಲ್ಲಿ ಏನ್ ಮಾಡ್ತಿದ್ದೆ?" ಅನ್ನುವುದು ಎಲ್ಲ ಶಾಲೆಯಲ್ಲೂ ಕೇಳುವ ಮಾತು. ಮಗು ಉತ್ತರ ಹೇಳುವುದಿಲ್ಲ, ತಲೆ ತಗ್ಗಿಸುತ್ತದೆ. ನನ್ನ ಕೋಣೆಗೆ ಬಂದು ಕೂತಾಗ ಹೇಳುತ್ತದೆ. ಹತ್ತು ನಿಮಿಷದಲ್ಲಿ ತಿಂಡಿ ಡಬ್ಬಿ ತೆಗೆಯಬೇಕು, ಸಾಲಿನಲ್ಲಿ ನಿಲ್ಲಬೇಕು. ಕೆಲವರಿಗೆ ಅಲ್ಲಿ ನಿಂತಿರುವ ದೊಡ್ಡ ಕ್ಲಾಸಿನ ಹುಡುಗರ ಭಯ. ಪಾಠದ ಹೊತ್ತಿನಲ್ಲಾದರೆ ಅಲ್ಲಿ ಯಾರೂ ಇರುವುದಿಲ್ಲ, ಅದಕ್ಕೇ ಆಗಲೇ ಕೇಳುತ್ತಾರೆ. ಎಂಟನೇ ಕ್ಲಾಸಿನ ಹುಡುಗಿಯರದ್ದು ಮತ್ತೊಂದು ಕಷ್ಟ. ಮುಟ್ಟಿನ ದಿನ ಸರ್ ಮುಂದೆ ನಿಂತು ಕಾರಣ ಹೇಳುವುದು ಹೇಗೆ? ಬಾಗಿಲ ಪಕ್ಕ ಪಾಸ್ ಒಂದನ್ನು ತೂಗುಹಾಕಿ, ಕೇಳದೆ ಎತ್ತಿಕೊಂಡು ಹೋಗಬಹುದು ಅಂದರೆ ಸಾಕು.

ಇನ್ನು ನಿಜವಾಗಿ ತಲೆಕೆಡಿಸುವ ವಿಷಯಕ್ಕೆ ಬರೋಣ. ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ), ಆಟಿಸಂ ಇರುವ ಮಕ್ಕಳಿಗೆ ಇಂಗ್ಲೆಂಡಿನ ಶಾಲೆಗಳಲ್ಲಿ 'ಟೈಮ್ ಔಟ್ ಕಾರ್ಡ್' ಕೊಡುತ್ತಾರೆ. ತೋರಿಸಿದರೆ ಹೊರಗೆ ಹೋಗಬಹುದು. ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳೂ ಇದನ್ನು ತಂದಿವೆ. ಕಾರ್ಡ್ ಏನೋ ಬಂತು, ಜೊತೆಗಿರಬೇಕಾದ ಯೋಚನೆ ಬರಲಿಲ್ಲ.

ಇಂಥ ಕಾರ್ಡ್ ಇದ್ದ ಆರನೇ ಕ್ಲಾಸಿನ ಒಬ್ಬ ಹುಡುಗನನ್ನೇ ನೋಡಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. "ಇವನಿಗೆ ಕೂರೋಕೇ ಆಗಲ್ಲ" ಅಂತ ಕ್ಲಾಸ್ ಟೀಚರ್ ಕಳಿಸಿದ್ದರು. ಅವನು ಹೊರಗೆ ಹೋದ ಹೊತ್ತನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿದೆ. ಕನ್ನಡದ ಪೀರಿಯಡ್‌ನಲ್ಲಿ ಒಂದು ಸಲವೂ ಇಲ್ಲ. ಗಣಿತದಲ್ಲಿ ಹೆಚ್ಚುಕಡಿಮೆ ದಿನಾ. ಅದೂ ಬೋರ್ಡಿನ ಮೇಲೆ ಭಿನ್ನರಾಶಿ ಬಂದ ಹೊತ್ತಿಗೆ! ಅವನಿಗೆ ಮಗ್ಗಿಯೇ ಸರಿಯಾಗಿ ಬರುತ್ತಿರಲಿಲ್ಲ. ಹೊರಗೆ ಹೋದರೆ ಎದೆಬಡಿತ ಇಳಿಯುತ್ತಿತ್ತು. ಆದರೆ ಲೆಕ್ಕವೂ ತಪ್ಪಿಹೋಗುತ್ತಿತ್ತು. ಮಾರನೇ ದಿನ ಭಯ ಇನ್ನೂ ಜಾಸ್ತಿ. ಭಯ ತಡೆಯಲಾಗದಷ್ಟು ಏರಿದಾಗಲೆಲ್ಲ ಎದ್ದುಹೋದರೆ, ಹೋಗುವುದೊಂದೇ ದಾರಿ ಅಂತ ಮನಸ್ಸು ಕಲಿತುಬಿಡುತ್ತದೆ. ಇಂಥ ಕಡೆ ಬ್ರೇಕ್ ಕೆಡುಕೇ ಮಾಡುತ್ತದೆ.

ಹಾಗಂತ ಕಾರ್ಡ್ ಕಿತ್ತುಕೊಳ್ಳಲಿಲ್ಲ. ಹೊತ್ತು ಬದಲಿಸಿದೆವು. ಗಣಿತ ಶುರುವಾಗುವ ಮೊದಲೇ ನೋಟ್‌ಬುಕ್ ಕಟ್ಟು ಹೊತ್ತು ಸ್ಟಾಫ್ ರೂಮಿಗೆ ಹೋಗಿ ಬರುವ ಕೆಲಸ ಅವನದ್ದು. ಹೋಗಿ ಬರಲು ಐದು ನಿಮಿಷ. ಮಧ್ಯದಲ್ಲಿ ಎದ್ದರೂ ಸರಿ, ವಾಪಸ್ ಬಂದಾಗ ಅದೇ ಲೆಕ್ಕ ಕಾದಿರುತ್ತದೆ. ಆದರೆ ಐದು ಲೆಕ್ಕದ ಬದಲು ಎರಡೇ ಲೆಕ್ಕ. ಮಗ್ಗಿಯನ್ನು ಬೇರೆ ಹೊತ್ತಿನಲ್ಲಿ ಹೇಳಿಕೊಟ್ಟರು. ಈಗಲೂ ಅವನಿಗೆ ಗಣಿತ ಇಷ್ಟವೇನಿಲ್ಲ, ಆದರೆ ಎದ್ದುಹೋಗುವುದು ಅಪರೂಪ.

ಇಂಥ ಹೊಂದಾಣಿಕೆ ಶಾಲೆ ತೋರಿಸುವ ದಯೆ ಅಂದುಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ, ಕಲಿಕಾ ನ್ಯೂನತೆ ಎರಡೂ ಸೇರಿವೆ. ಅಂಥ ಮಗುವಿನ ಅಗತ್ಯ ನೋಡಿ ಅನುಕೂಲ ಮಾಡಿಕೊಡಿ ಅಂತ ಕಾಯ್ದೆಯೇ ಹೇಳುತ್ತದೆ.

ಟೀಚರುಗಳ ದೂರನ್ನೂ ತಳ್ಳಿಹಾಕುವ ಹಾಗಿಲ್ಲ. ಚಿಕ್ಕ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿದ ಶಾಲೆ, ಶೌಚಾಲಯ ಕೆಳಗೆ, ಮೈದಾನ ಇಲ್ಲವೇ ಇಲ್ಲ. ಕಳಿಸಿದ ಮಗು ಮೆಟ್ಟಿಲ ಮೇಲೆ ಇನ್ನಿಬ್ಬರ ಜೊತೆ ಹರಟೆಗೆ ಕೂತರೆ ನೋಡುವವರು ಯಾರು? ಒಬ್ಬ ಆಯಾ ಎಷ್ಟು ಮಹಡಿ ಕಾಯುತ್ತಾರೆ? ಫಿನ್‌ಲೆಂಡ್‌ನಲ್ಲಿ ಸಾಮಾನ್ಯವಾಗಿ 45 ನಿಮಿಷ ಪಾಠವಾದರೆ 15 ನಿಮಿಷ ಬಿಡುವು. ನಮ್ಮಲ್ಲಿ ಒಂದರ ಹಿಂದೆ ಒಂದು ಮೂರು ಪೀರಿಯಡ್ ಕೂರಿಸಿ, ಆಮೇಲೆ ಮಕ್ಕಳು ಚಡಪಡಿಸುತ್ತಾರೆ ಅಂತೇವೆ. ಪಾಸ್ ಬಿಗಿ ಮಾಡುವ ಮೊದಲು ಟೈಮ್‌ಟೇಬಲ್ ಸಡಿಲಿಸಿ ಅನ್ನುವುದು ನನ್ನ ವಾದ. ಇಡೀ ಕ್ಲಾಸನ್ನು ಎರಡು ನಿಮಿಷ ಎದ್ದು ನಿಲ್ಲಿಸಿ, ಮೈ ಮುರಿಯಲು ಬಿಟ್ಟರೂ ನಡೆಯುತ್ತದೆ.

ಹೊರಗೆ ಹೋದ ಹೊತ್ತನ್ನು ಬರೆದಿಡುವ ಪುಸ್ತಕ ಇನ್ನೊಂದಕ್ಕೂ ಬೇಕಾಗುತ್ತದೆ. ಸುಮ್ಮನಿದ್ದ ಮಗು ಇದ್ದಕ್ಕಿದ್ದಂತೆ ಪದೇಪದೇ ಒಂದಕ್ಕೆ ಕೇಳಿದರೆ, ಜಾಸ್ತಿ ನೀರು ಕುಡಿದರೆ, ಸೊರಗಿದರೆ, ಅದು ಟೈಪ್ 1 ಮಧುಮೇಹ ಇರಬಹುದು. ತಡಮಾಡದೆ ಅದೇ ದಿನ ಡಾಕ್ಟರ್ ಹತ್ತಿರ ಕರೆದೊಯ್ಯಿರಿ. ಆ ಕಾಯಿಲೆ ಇದೆ ಅಂತ ಗೊತ್ತಾದ ಮಗುವಿಗೆ ಶೌಚಾಲಯಕ್ಕೆ, ನೀರಿಗೆ, ಸಕ್ಕರೆ ಪರೀಕ್ಷೆಗೆ ಅಪ್ಪಣೆ ಬೇಕಾಗಬಾರದು. ಆದರೆ ಅದೇ ಮಗು ಬೆವರಿ, ನಡುಗಿ, ಮಂಕಾಗಿ "ಹೊರಗೆ ಹೋಗ್ಲಾ" ಅಂದರೆ ಒಂಟಿಯಾಗಿ ಕಳಿಸಬೇಡಿ. ಸಕ್ಕರೆ ಇಳಿದಿರಬಹುದು. ಕೂತಲ್ಲೇ ಗ್ಲೂಕೋಸ್ ಕೊಡಿ, ಮನೆಗೆ ಫೋನ್ ಮಾಡಿಸಿ, ಚೇತರಿಸಿಕೊಳ್ಳುವವರೆಗೆ ದೊಡ್ಡವರೊಬ್ಬರು ಪಕ್ಕದಲ್ಲೇ ಇರಲಿ.